ಒಂದು ‘ಎಫ್’ ಹೆಚ್ಚಾದರೆ

ಸಾಗರದಲ್ಲಿರುವ ನನ್ನ ಭಾವ, ಅಂದರೆ ಸೋದರತ್ತೆಯ ಮಗ, ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಜಾಲತಾಣದಲ್ಲಿ ಮಾರಲು ಹೊರಟಾಗ, ಮರ ಹತ್ತಿಸಿ ಮಿಡಿ ಕೊಯ್ಯಿಸುವುದಕ್ಕೂ ಪಡದ ಪಾಡನ್ನು ಒಂದು ಡೊಮೈನ್ ಹೆಸರಿಗಾಗಿ, ಅಂದರೆ ಜಾಲತಾಣದ ವಿಳಾಸಕ್ಕಾಗಿ, ಪಟ್ಟರು. ಕನ್ನಡದಲ್ಲಿ ನಾಲ್ಕೇ ಅಕ್ಷರದ ಆ ಪದವನ್ನು ಇಂಗ್ಲಿಷ್ ಲಿಪಿಗೆ ಇಳಿಸುವಾಗ ‘ಪಿ’ ಒಂದೇ ಸಾಕೋ ಎರಡು ಬೇಕೋ, ನಡುವೆ ‘ಇ’ ಬರೆಯಬೇಕೋ ‘ಐ’ ಬರೆಯಬೇಕೋ, ಕೊನೆಯಲ್ಲಿ ‘ಐ’ ಇರಲೋ ‘ವೈ’ ಇರಲೋ ಎಂದು ಜಗಲಿಯಲ್ಲಿ ಕುಳಿತು ವಾದಿಸಿದಾಗ ಎಂಟು ಬಗೆಯ ಕಾಗುಣಿತಗಳು ಹೊರಬಿದ್ದವು. ಫೋನಿನಲ್ಲಿ ಒಮ್ಮೆ ಕೇಳಿದ ಗಿರಾಕಿ ಮರುಮಾತಿಲ್ಲದೆ ಸರಿಯಾಗಿ ಟೈಪು ಮಾಡಬಲ್ಲ ಹೆಸರಿಗೆ ಏಕೆ ಅಷ್ಟು ಬೆಲೆ ಎಂಬುದು ನನಗೆ ಅರ್ಥವಾದದ್ದು ಆ ಸಂಜೆ.

2019ರಲ್ಲಿ ಅಮೆರಿಕದ ಮೈಕ್ರೊಸ್ಟ್ರಾಟಜಿ ಕಂಪನಿಯು ತನ್ನಲ್ಲಿದ್ದ ‘ವಾಯ್ಸ್ ಡಾಟ್ ಕಾಮ್’ ಎಂಬ ಹೆಸರನ್ನು 3 ಕೋಟಿ ಡಾಲರಿಗೆ ಮಾರಿತು. ಕೊಂಡವರ ಕೈಗೆ ಬಂದದ್ದು ಶಾಲೆಯ ಮಕ್ಕಳೂ ತಪ್ಪಿಲ್ಲದೆ ಬರೆಯುವ ಐದಕ್ಷರದ ಒಂದು ಪದ, ಅದರ ಬೆನ್ನಿಗೊಂದು ‘ಡಾಟ್ ಕಾಮ್’. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಕಂಪನಿಯು ಮೊದಲ ‘ಡಾಟ್ ಕಾಮ್’ ಹೆಸರನ್ನು ನೋಂದಾಯಿಸಿದಾಗ, ಆಮೇಲೂ ಹತ್ತು ವರ್ಷ, ಇದಕ್ಕೆ ಶುಲ್ಕವೇ ಇರಲಿಲ್ಲವಾದ್ದರಿಂದ, ಒಳ್ಳೆಯ ಪದಗಳು ಮೊದಲು ಬಂದವರ ಪಾಲಾದವು. ‘ಕೊಂಡೆ’ ಎಂದು ಎಲ್ಲರೂ ಹೇಳುತ್ತಾರಾದರೂ ಇದು ನಿಜಕ್ಕೂ ಗೇಣಿಯ ಗದ್ದೆ: ಒಂದು ಬಾರಿಗೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಹಣ ಕಟ್ಟಬಹುದು, ನವೀಕರಿಸಲು ಮರೆತರೆ ಬೇರೆಯವರು ಬಂದು ಉಳುತ್ತಾರೆ.

ಒಂದಕ್ಷರದ ಹೆಚ್ಚುಕಡಿಮೆ ಎಷ್ಟು ದೂರ ಹೋಗಬಹುದು ಎಂಬುದನ್ನು ಬೆಂಗಳೂರಿನ ನ್ಯಾಯಾಲಯಗಳು ಕಂಡಿವೆ. ಸತ್ಯಂ ಇನ್ಫೋವೇ ಕಂಪನಿಯ ‘ಸಿಫಿ’ಯಲ್ಲಿ ಇದ್ದದ್ದು ಒಂದು ‘ಎಫ್’. ಇನ್ನೊಂದು ಸಂಸ್ಥೆ ಎರಡು ‘ಎಫ್’ ಹಾಕಿ ‘ಸಿಫಿನೆಟ್’ ಎಂದು ನೋಂದಾಯಿಸಿತ್ತು. ಇಲ್ಲಿನ ಸಿವಿಲ್ ನ್ಯಾಯಾಲಯ ನೀಡಿದ ತಡೆಯಾಜ್ಞೆಯನ್ನು ಹೈಕೋರ್ಟ್ ತೆರವುಗೊಳಿಸಿತು, 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಜಾರಿಗೆ ತಂದು, ಡೊಮೈನ್ ಎಂಬುದು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು ಎಂದಿತು. ಕಿವಿಗೆ ಎರಡೂ ಒಂದೇ ತಾನೆ!

ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಕೊನೆಗೊಳ್ಳುವ ಹೆಸರುಗಳೂ ಈಗ ಸಿಗುತ್ತವೆ. ಅದರಲ್ಲಿ ಭಾವನ ಎಂಟು ಕಾಗುಣಿತದ ಜಗಳವೇ ಇರುವುದಿಲ್ಲ ಎಂದು ನಾನು ಒತ್ತಾಯಿಸಿದೆ. ಹೊರದೇಶದ ಗಿರಾಕಿಗಳ ಫೋನಿನಲ್ಲಿ ಕನ್ನಡದ ಕೀಲಿಮಣೆ ಇರಬೇಕಲ್ಲ ಎಂದು ಅವರು ತಲೆ ಕೆರೆದುಕೊಂಡರು. ಕೊನೆಗೆ ಎರಡು ಕಾಗುಣಿತಗಳನ್ನು ಕೊಂಡು, ಯಾವುದನ್ನು ಒತ್ತಿದರೂ ಒಂದೇ ಅಂಗಡಿಗೆ ಬರುವಂತೆ ಮಾಡಿದ್ದಾರೆ. ಅತ್ತೆ ಮಾತ್ರ ಭರಣಿಗೆ ಅಂಟಿಸುವ ಚೀಟಿಯ ಮೇಲೆ ಇಂದಿಗೂ ಮನೆಯ ಫೋನ್ ನಂಬರನ್ನೇ ಬರೆಯುತ್ತಾರೆ.