ಬಿದ್ದ ಬೈಕ್ ಆದರೂ ಆಗಲಿ, ಬೀಚಿಗೆ ಇಳಿದ ಬೈಕ್ ಬೇಡ

ಕಳೆದ ಭಾನುವಾರ ಚಿಕ್ಕಮ್ಮನ ಮಗನ ಜೊತೆ ಎರಡು ಸೆಕೆಂಡ್ ಹ್ಯಾಂಡ್ ಬೈಕ್ ನೋಡಲು ಹೋಗಿದ್ದೆ. ಗುಡ್ಡೆ, ಕೆಸರಿನ ದಾರಿಗೂ ಆಗುವ ಆಫ್ ರೋಡ್ ಬೈಕ್ ತಗೊಳ್ಳಬೇಕು ಅಂತ ಅವನಿಗೆ ಎರಡು ವರ್ಷದಿಂದ ಆಸೆ. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡಿ ತಿಂಗಳು ತಿಂಗಳು ಕೂಡಿಟ್ಟ ದುಡ್ಡು. ಹೊಸ ಬೈಕಿಗೆ ಸಾಕಾಗುವುದಿಲ್ಲ, ಹಳೆಯದಕ್ಕೆ ಸಾಕು. ಆ ದುಡ್ಡು ಹಾಳಾಗಬಾರದು ಅಂತ ನನಗೆ ಅವನಿಗಿಂತ ಜಾಸ್ತಿ ಚಿಂತೆ. ನಾನು ಒಮ್ಮೆ ಹಾಗೆ ಕಳೆದುಕೊಂಡಿದ್ದೇನೆ.

ಒಂದು ಬೈಕ್ ಸಮುದ್ರದ ಬದಿಯ ಸುರತ್ಕಲ್ ಕಡೆಯದ್ದು. ಓಡಿದ್ದು 9 ಸಾವಿರ ಕಿಲೋಮೀಟರ್. ಫೋಟೋದಲ್ಲಿ ಹೇಗಿತ್ತೋ ಎದುರಲ್ಲೂ ಹಾಗೇ, ಫಳಫಳ. ಇನ್ನೊಂದು ಘಟ್ಟದ ಬುಡದ ಹೆಬ್ರಿಯದ್ದು. 31 ಸಾವಿರ ಕಿಲೋಮೀಟರ್. ಎಡಗಡೆ ಹ್ಯಾಂಡ್ ಗಾರ್ಡ್ ತರಚಿದೆ, ಇಂಜಿನ್ನಿಗೆ ಕಲ್ಲು ತಾಗದಂತೆ ಕೆಳಗೆ ಹಾಕಿದ ತಗಡು, ಅಂದರೆ ಬ್ಯಾಶ್ ಪ್ಲೇಟ್ ತುಂಬ ಕಲ್ಲು ಬಡಿದ ಗುರುತು. ಎರಡೂ ಒಂದೇ ಮಾಡೆಲ್. ಹೆಬ್ರಿಯವರು ಕೇಳಿದ ರೇಟು 20 ಸಾವಿರ ಕಡಿಮೆ.

"ಅಣ್ಣ, ಇದರಲ್ಲಿ ಆಲೋಚನೆ ಮಾಡ್ಲಿಕ್ಕೆ ಎಂತ ಉಂಟು? ಇದನ್ನೇ ತಗೊಳ್ಳುವ" ಅಂದ ಅವನು, ಸುರತ್ಕಲ್‌ನಲ್ಲೇ.

ನನಗೆ ಒಂದು ಅಭಿಪ್ರಾಯ ಇದೆ, ಗಟ್ಟಿಯಾಗಿಯೇ ಇದೆ. ಈ ತರಹದ ಬೈಕ್ ಬೀಳುವುದು ಸಹಜ. ಬಿದ್ದರೂ ತಡೆಯಲಿ ಅಂತಲೇ ಅದನ್ನು ಹಾಗೆ ಕಟ್ಟಿರುತ್ತಾರೆ. ಬಿದ್ದ ಗುರುತು ಕಣ್ಣಿಗೆ ಕಾಣುತ್ತದೆ, ಅದಕ್ಕೆಷ್ಟು ಖರ್ಚು ಅಂತ ಲೆಕ್ಕ ಹಾಕಬಹುದು. ನಮ್ಮ ಕರಾವಳಿಯಲ್ಲಿ ಬೈಕನ್ನು ನಿಜವಾಗಿ ತಿನ್ನುವುದು ಉಪ್ಪು ಮತ್ತು ನೀರು. ಇವೆರಡೂ ಫೋಟೋದಲ್ಲಿ ಕಾಣುವುದಿಲ್ಲ. ಓಡೋಮೀಟರಲ್ಲಂತೂ ಕಾಣುವುದೇ ಇಲ್ಲ.

ಇನ್‌ಸ್ಟಾಗ್ರಾಂ ಬಂದ ಮೇಲೆ ಹೊಯಿಗೆಯಲ್ಲಿ, ಅಲೆಯ ಅಂಚಿನಲ್ಲಿ ಬೈಕ್ ಓಡಿಸಿ ವೀಡಿಯೋ ಮಾಡುವುದು ಜಾಸ್ತಿ ಆಗಿದೆ. ಮನೆಗೆ ಬಂದು ಮೇಲಿಂದ ನೀರು ಹೊಡೆದರೆ ಆಯಿತು ಅಂತ ಹುಡುಗರು ತಿಳಿದುಕೊಂಡಿರುತ್ತಾರೆ. ಉಪ್ಪು ಹಾಗೆ ಹೋಗುವುದಿಲ್ಲ. ಸಂದಿಯಲ್ಲಿ ಕೂತು ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಗಾಳಿಗೆ ಪಸೆ ಇಲ್ಲದ ತಿಂಗಳು ಯಾವುದು ಹೇಳಿ? ಅಲ್ಯೂಮಿನಿಯಂಗೆ ಸ್ಟೀಲ್ ಬೋಲ್ಟ್ ಹಾಕಿದ ಕಡೆಯಂತೂ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿಯೇ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. ನನ್ನ ಆ ಹಳೆಯ ಬೈಕಿನಲ್ಲಿ ಆದದ್ದು ಇದೇ. ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿನ, ಅಂದರೆ ಸ್ವಿಂಗ್ ಆರ್ಮಿನ ಬೋಲ್ಟ್ ಯಾವುದಕ್ಕೂ ಜಗ್ಗಲಿಲ್ಲ. ಬಿಸಿ ಮಾಡಿದೆವು, ಎಣ್ಣೆ ಬಿಟ್ಟು ಎರಡು ದಿನ ಕಾದೆವು, ಕೊನೆಗೆ ಗ್ರೈಂಡರ್ ಹಾಕಿ ಕತ್ತರಿಸಿದೆವು. ಅದೊಂದೇ ಕೆಲಸಕ್ಕೆ ಪಾರ್ಟ್ಸ್ ಸೇರಿ 18 ಸಾವಿರ ಹೋಯಿತು. ಮಾರಿದವನು ಫೋನ್ ಎತ್ತಲಿಲ್ಲ.

ಸುರತ್ಕಲ್ ಬೈಕಿನ ವಿಷಯಕ್ಕೆ ಬರುತ್ತೇನೆ. ಹಿಂದಿನ ದಿನವೇ ಫೋನ್ ಮಾಡಿ, "ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿದ್ದೆ. ಹೋದವನೇ ಇಂಜಿನ್ ಮೇಲೆ ಕೈ ಇಟ್ಟೆ. ಬಿಸಿ ಇತ್ತು. ಬಿಸಿ ಇಂಜಿನ್ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ. ರಾತ್ರಿಯಿಡೀ ತಣ್ಣಗೆ ನಿಂತ ಇಂಜಿನ್ ಮಾತ್ರ ನಿಜ ಹೇಳುತ್ತದೆ. ಎಷ್ಟು ಸಲ ಸೆಲ್ಫ್ ಹೊಡೆಯಬೇಕಾಯಿತು, ಮೊದಲ ಹೊಗೆ ಯಾವ ಬಣ್ಣ, ಇಂಜಿನ್ ಒಳಗಿನ ಟೈಮಿಂಗ್ ಚೈನ್ ಎಷ್ಟು ಹೊತ್ತು ಕಟಕಟ ಅಂದಿತು ಅಂತೆಲ್ಲ ಆಗ ತಿಳಿಯುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಅಂತ ಅರ್ಥ. ಬೆಳಿಗ್ಗೆ ಸ್ವಲ್ಪ ಹೊತ್ತು ಬಿಳಿ ಆವಿ ಬಂದರೆ ಹೆದರಬೇಕಿಲ್ಲ.

ಸಿಟ್ಟು ಮಾಡದೆ ಬ್ಯಾಶ್ ಪ್ಲೇಟ್ ಹತ್ತಿರ ಕೂತೆ. ಈ ಬೈಕುಗಳಲ್ಲಿ ನಾನು ಮೊದಲು ನೋಡುವ ಜಾಗ ಅದೇ. ಪ್ಲೇಟಿನ ಮೇಲ್ಭಾಗ, ಅಂದರೆ ಇಂಜಿನ್ ಕಡೆ ಮುಖ ಮಾಡಿರುವ ಭಾಗ, ವಾಟರ್ ಸರ್ವಿಸ್ ಮಾಡುವವನ ಗನ್ನಿಗೆ ಸಿಗುವುದಿಲ್ಲ. ಸಂದಿಯಲ್ಲಿ ಬೆರಳು ತೂರಿಸಿ ಎಳೆದೆ. ಬೆರಳ ತುದಿಗೆ ಒದ್ದೆ ಹೊಯಿಗೆ ಹತ್ತಿತು. ಅಂಗೈ ಮೇಲೆ ಹರಡಿ ಬಿಸಿಲಿಗೆ ಹಿಡಿದೆ. ನಡುವೆ ಉಗುರಿನ ತುದಿಯಷ್ಟು ಬಿಳಿ ಚೂರು. ಚಿಪ್ಪಿನದ್ದು. ಹೊಳೆಯ ಹೊಯಿಗೆಯೂ ಇರಬಹುದು ಅಂತ ವಾದಿಸುವುದಕ್ಕೆ ಆ ಚೂರು ಜಾಗ ಬಿಡಲಿಲ್ಲ.

ಬೈಕ್ ಮಾರುವ ಹುಡುಗನೂ ಮುಚ್ಚಿಡಲಿಲ್ಲ. "ಎರಡು ಮೂರು ಸಲ ವೀಡಿಯೋ ಮಾಡ್ಲಿಕ್ಕೆ ಇಳಿಸಿದ್ದು, ಅಷ್ಟೇ" ಅಂದ.

ಆಮೇಲೆ ಚಕ್ರದ ಕಡ್ಡಿಗಳು, ಅಂದರೆ ಸ್ಪೋಕ್. ಈ ಬೈಕುಗಳಲ್ಲಿ ಹೆಚ್ಚಿನವಕ್ಕೆ ಸ್ಪೋಕ್ ವೀಲ್, ಮುಂದೆ 21 ಇಂಚು. ಸ್ಪೋಕ್ ಬುಡದ ನಿಪ್ಪಲ್, ಅಂದರೆ ಅದನ್ನು ಬಿಗಿ ಮಾಡುವ ಸಣ್ಣ ನಟ್ ನೋಡಿ. ಬಿಳಿ ಪುಡಿಯೋ ಕೆಂಪು ತುಕ್ಕೋ ಕಟ್ಟಿದ್ದರೆ ಅದು ತಿರುಗುವುದಿಲ್ಲ. ತಿರುಗದಿದ್ದರೆ ವೀಲ್ ಟ್ರೂ ಮಾಡಲು, ಅಂದರೆ ಓಲಾಟ ತೆಗೆಯಲು ಆಗುವುದಿಲ್ಲ, ಹೊಸ ಸೆಟ್ಟೇ ಹಾಕಬೇಕು. ಸಣ್ಣ ಸ್ಪ್ಯಾನರಿನಿಂದ ಒಂದೊಂದೇ ಕಡ್ಡಿಯನ್ನು ಮೆಲ್ಲಗೆ ತಟ್ಟುತ್ತಾ ಹೋಗಿ. ಬಿಗಿ ಇರುವುದು ಟಣ್ ಅನ್ನುತ್ತದೆ, ಸಡಿಲ ಇರುವುದು ದಡ್ ಅನ್ನುತ್ತದೆ. ಸಂಗೀತ ಗೊತ್ತಿಲ್ಲದವರಿಗೂ ವ್ಯತ್ಯಾಸ ತಿಳಿಯುತ್ತದೆ. ಸುರತ್ಕಲ್ ಬೈಕಿನ ಹಿಂದಿನ ಚಕ್ರದಲ್ಲಿ ಸಾಲಾಗಿ ನಾಲ್ಕು ಕಡ್ಡಿ ದಡ್ ದಡ್ ಅಂದವು. ನನ್ನ ತಮ್ಮನ ಮುಖ ನೋಡಿದೆ. ಅವನಿಗೂ ಕೇಳಿಸಿತ್ತು.

ಸೀಟ್ ಬಿಚ್ಚಿ ವಯರುಗಳನ್ನು ಜೋಡಿಸುವ ಕಪ್ಲರ್‌ಗಳನ್ನು ಎಳೆದು ನೋಡಿದರೆ ಒಳಗೆ ಹಸಿರು ಕಿಲುಬು. ಇಂಥ ಬೈಕ್ ಬೇಸಿಗೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಚಾರ್ಮಾಡಿಯ ತಿರುವಿನಲ್ಲಿ ಸುಮ್ನೆ ಆಫ್ ಆಗುತ್ತದೆ.

ನೀರಿನದ್ದು ಇನ್ನೊಂದು ಕತೆ. ತೋಡು ದಾಟಿಸಲು ಹೋಗಿ ಅರ್ಧಕ್ಕೆ ಮುಳುಗಿಸಿದ ಬೈಕ್ ಉಂಟು, ಪೇಟೆಯಲ್ಲೇ ನೀರು ಕುಡಿದದ್ದೂ ಉಂಟು. ಜೋರು ಮಳೆಗೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುವುದನ್ನು ನಾವೆಲ್ಲ ನೋಡಿದವರೇ. ಆಯಿಲ್ ಕ್ಯಾಪ್ ಬಿಚ್ಚಿ ಒಳಗೆ ನೋಡಿ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಆಯಿಲಿಗೆ ನೀರು ಸೇರಿದೆ. ಮಾರುವ ಹಿಂದಿನ ದಿನ ಆಯಿಲ್ ಬದಲಿಸಿರಬಹುದು, ಹಾಗಾಗಿ ಇದೊಂದನ್ನೇ ನಂಬಬೇಡಿ. ಏರ್ ಫಿಲ್ಟರ್ ಬಾಕ್ಸ್ ಕೂಡ ತೆಗೆಸಿ.

ಏರ್ ಬಾಕ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮ ಮುರಕಲ್ಲಿನ ಕೆಂಪು ಧೂಳು ಹಿಟ್ಟಿನಷ್ಟು ನಯ. ಬೇಸಿಗೆಯಲ್ಲಿ ನಾಲ್ಕು ಬೈಕ್ ಸಾಲಾಗಿ ಗುಡ್ಡೆಯಲ್ಲಿ ಹೋದರೆ ಹಿಂದಿನವನ ಬೈಕ್ ಪೂರ್ತಿ ಅದನ್ನೇ ಉಸಿರಾಡುತ್ತದೆ. ಫಿಲ್ಟರ್ ಸರಿಯಾಗಿ ಕೂತಿಲ್ಲದಿದ್ದರೆ ಧೂಳು ಸೀದಾ ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಫಿಲ್ಟರ್ ಹೊಸದಿದೆಯಾ ಅಂತ ನೋಡಿದರೆ ಸಾಲದು, ಯಾರು ಬೇಕಾದರೂ ನಿನ್ನೆ ಹಾಕಿರಬಹುದು. ಫಿಲ್ಟರ್ ತೆಗೆದು, ಅದರ ಆಚೆ ಇಂಜಿನ್ ಕಡೆಗೆ ಹೋಗುವ ರಬ್ಬರ್ ಕೊಳವೆಯ ಒಳಗೆ ಬಿಳಿ ಬಟ್ಟೆ ಹಾಕಿ ಒರೆಸಿ. ಅಲ್ಲಿ ಧೂಳು ಇರಲೇಬಾರದು. ಬಟ್ಟೆ ಕೆಂಪಾದರೆ ಆ ಬೈಕ್ ಬಿಟ್ಟು ಬನ್ನಿ, ರೇಟ್ ಎಷ್ಟೇ ಕಡಿಮೆ ಇರಲಿ.

ಸುರತ್ಕಲ್‌ನವನಿಗೆ ನಮಸ್ಕಾರ ಹೇಳಿ ಹೊರಟೆವು. ದಾರಿಯಲ್ಲಿ ತಮ್ಮ ಮಾತಾಡಲಿಲ್ಲ. ಕಾರ್ಕಳದಲ್ಲಿ ಬನ್ಸ್ ತಿನ್ನುವಾಗ, "ಅಷ್ಟು ಚಂದ ಇತ್ತಲ್ಲ ಅಣ್ಣ" ಅಂದ. ನನಗೂ ಬೇಸರವಾಯಿತು. 9 ಸಾವಿರ ಕಿಲೋಮೀಟರಿಗೆ ಒಂದು ಒಳ್ಳೆಯ ಬೈಕ್ ಹಾಗಾಗಬಾರದಿತ್ತು.

ಹೆಬ್ರಿಯವರು ಅಡಿಕೆ ತೋಟದವರು, ವಯಸ್ಸು ಐವತ್ತರ ಹತ್ತಿರ. ಇಂಜಿನ್ ತಣ್ಣಗೆ ಇಟ್ಟಿದ್ದರು. ಬೈಕ್ ತೊಳೆದಿರಲಿಲ್ಲ. ನಾನು ಕೇಳುವ ಮೊದಲೇ, "ನಾಲ್ಕು ಸಲ ಬಿದ್ದಿದೆ, ಎಲ್ಲೆಲ್ಲಿ ತಾಗಿದೆ ಅಂತ ತೋರಿಸ್ತೇನೆ, ಬನ್ನಿ" ಅಂದರು. ಹ್ಯಾಂಡಲ್ ಬಾರ್ ಎಡಕ್ಕೆ ಸ್ವಲ್ಪ ಬಗ್ಗಿದೆ. ಬ್ರೇಕ್ ಲಿವರ್ ಬದಲಿಸಿದ್ದಾರೆ. ಹಳೆಯದನ್ನೂ ಒಂದು ಚೀಲದಲ್ಲಿ ಇಟ್ಟಿದ್ದರು, ಮುಂದಿನ ಶಾಕ್ ಅಬ್ಸಾರ್ಬರ್, ಅಂದರೆ ಫೋರ್ಕಿಗೆ ಆಯಿಲ್ ಸೀಲ್ ಹಾಕಿಸಿದ ಬಿಲ್ಲಿನ ಜೊತೆ.

ಬಿದ್ದ ಬೈಕಿನಲ್ಲಿ ನೋಡಲೇಬೇಕಾದ ಕೆಲವು ಜಾಗ ಇವೆ. ಹ್ಯಾಂಡಲ್, ಲಿವರ್, ಫುಟ್ ರೆಸ್ಟ್ ಬಗ್ಗಿದ್ದರೆ ದೊಡ್ಡ ವಿಷಯ ಅಲ್ಲ. ಫ್ರೇಮಿನ ತಲೆ, ಅಂದರೆ ಹ್ಯಾಂಡಲ್ ಕೂರುವ ಜಾಗದ ವೆಲ್ಡಿಂಗ್, ಅಲ್ಲಿ ಹೊಸ ಪೇಂಟ್ ಕಂಡರೆ ಯಾಕೆ ಅಂತ ಕೇಳಿ. ಪೇಂಟಿನಲ್ಲಿ ಕೂದಲಿನಂಥ ಗೆರೆ ಕಂಡರೂ ಬಿಡಬೇಡಿ. ಲಗೇಜ್ ಹೇರಿ ಲಡಾಖ್ ಮಾಡಿ ಬಂದ ಬೈಕ್ ಆದರೆ ಸೀಟಿನ ಕೆಳಗಿನ ಸಬ್ ಫ್ರೇಮ್ ಕೂಡ. ಹಿಂದಿನಿಂದ ಹತ್ತು ಹೆಜ್ಜೆ ದೂರ ನಿಂತು ನೋಡಿದರೆ ಸೀಟು, ಮಡ್‌ಗಾರ್ಡು, ಚಕ್ರ ಒಂದೇ ಗೆರೆಯಲ್ಲಿ ಇರಬೇಕು. ಫೋರ್ಕಿನ ನಯವಾದ ಕೊಳವೆ ಮೇಲೆ ಉಗುರು ಓಡಿಸಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ತುಕ್ಕಿನ ಗುಳಿ ಇದೆ. ಎಷ್ಟು ಸಲ ಸೀಲ್ ಹಾಕಿದರೂ ಅದು ಹರಿದು ಆಯಿಲ್ ಸೋರುತ್ತದೆ.

ಮುಂದಿನ ಚಕ್ರ ಎತ್ತಿ ಹಿಡಿದು ಹ್ಯಾಂಡಲ್ ಆ ಕಡೆ ಈ ಕಡೆ ಮೆಲ್ಲಗೆ ತಿರುಗಿಸಿ. ನಡುವೆ ಎಲ್ಲೋ ಗುಂಡಿಗೆ ಬಿದ್ದಂತೆ ನಿಂತರೆ ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಕೋನ್ ಸೆಟ್ ಹೋಗಿದೆ. ಅದು ಸಣ್ಣ ಖರ್ಚು, ಚೌಕಾಸಿಗೆ ಉಪಯೋಗಕ್ಕೆ ಬರುತ್ತದೆ. ಹಿಂದಿನ ಚಕ್ರ ಎತ್ತಿ ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಅಂದರೆ ಹಿಂದಿನ ಶಾಕ್ ಅಬ್ಸಾರ್ಬರಿನ ಲಿಂಕೇಜ್ ಅಥವಾ ಸ್ವಿಂಗ್ ಆರ್ಮ್ ಬೇರಿಂಗ್ ಹೋಗಿದೆ. ಇದು ದೊಡ್ಡ ಖರ್ಚು. ಹೆಬ್ರಿಯ ಬೈಕಿನಲ್ಲಿ ಸ್ವಿಂಗ್ ಆರ್ಮ್ ಬೋಲ್ಟಿನ ಅಂಚಿನಿಂದ ಸ್ವಲ್ಪ ಹೊಸ ಗ್ರೀಸ್ ಹೊರಗೆ ಇಣುಕಿತ್ತು. "ಪ್ರತಿ ವರ್ಷ ಮಳೆ ಮುಗಿದ ಮೇಲೆ ಬಿಚ್ಚಿ ಹಾಕುವುದು" ಅಂದರು. ಅಷ್ಟು ಕೇಳಿ ನನಗೆ ಅರ್ಧ ಸಮಾಧಾನ ಆಯಿತು.

ಕ್ಲಚ್ ಮಾತ್ರ ಓಡಿಸಿಯೇ ನೋಡಬೇಕು. ಕೆಸರಲ್ಲಿ, ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ಹಿಡಿದು ಪ್ಲೇಟ್ ಬೇಗ ಸವೆಯುತ್ತದೆ. ಒಳ್ಳೆಯ ಏರು ಹುಡುಕಿ. ಉಡುಪಿಯವರಾದರೆ ಮಣಿಪಾಲಕ್ಕೆ ಹತ್ತುವ ರಸ್ತೆಯೇ ಸಾಕು. ಮೇಲಿನ ಗೇರಿನಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ. ಇಂಜಿನ್ ಸದ್ದು ಏರಿ ಬೈಕ್ ಮಾತ್ರ ಏರದಿದ್ದರೆ ಕ್ಲಚ್ ಪ್ಲೇಟಿನ ಕಾಲ ಮುಗಿದಿದೆ. ನಾವು ಹೆಬ್ರಿಯಿಂದ ಸೋಮೇಶ್ವರದವರೆಗೆ ಹೋಗಿ, ಆಗುಂಬೆ ಘಾಟಿಯ ಮೊದಲ ತಿರುವುಗಳನ್ನು ಹತ್ತಿ ವಾಪಸ್ ಬಂದೆವು. ಸ್ಲಿಪ್ ಇರಲಿಲ್ಲ. ಚೈನ್ ಸ್ಪ್ರಾಕೆಟ್ ಮುಗಿದಿತ್ತು, ಹಲ್ಲುಗಳು ಕೊಕ್ಕೆಯ ಹಾಗೆ ಬಗ್ಗಿದ್ದವು. ಅವರೇ ಅದನ್ನು ರೇಟಿನಲ್ಲಿ ಬಿಟ್ಟರು.

ಯಾವ ಮಾಡೆಲ್ ತಗೊಳ್ಳಲಿ ಅಂತ ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಹೀರೋ ಇಂಪಲ್ಸ್ ಬಂದದ್ದು 2011ರಲ್ಲಿ. ಬೈಕ್ ಹಗುರ, ಆದರೆ ಈಗ ಅದರ ಪ್ಲಾಸ್ಟಿಕ್ ಪಾರ್ಟ್ಸ್ ಹುಡುಕಬೇಕು. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ದೂರ ಪ್ರಯಾಣಕ್ಕೆ ಒಳ್ಳೆಯದು. ಕೆಸರಲ್ಲಿ ಬಿದ್ದರೆ ಒಬ್ಬನೇ ಎತ್ತುವುದು ಕಷ್ಟ. 2019ರ ನಂತರದ ಹೀರೋ ಎಕ್ಸ್‌ಪಲ್ಸ್ 200 ಗುಡ್ಡೆಗೆ ಹೊಂದುತ್ತದೆ. ಸೀಟಿನ ಎತ್ತರ 82 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಕಾಲು ನೆಲಕ್ಕೆ ಸಿಗುತ್ತದಾ ಅಂತ ಕೂತು ನೋಡಿ. ಮಣ್ಣಿನ ಟ್ರ್ಯಾಕಿಗೆ ಅಂತಲೇ ಮಾಡಿದ ಕವಾಸಾಕಿ ಕೆಎಕ್ಸ್, ಕೆಎಲ್‌ಎಕ್ಸ್ 140 ತರಹದವಕ್ಕೆ ರಿಜಿಸ್ಟ್ರೇಷನ್ನೇ ಇರುವುದಿಲ್ಲ, ರಸ್ತೆಗೆ ತರಲಾಗದು. ಕಡಿಮೆಗೆ ಸಿಗುತ್ತದೆ ಅಂತ ತಂದು ಒದ್ದಾಡಬೇಡಿ.

ಕಾಗದ ಪತ್ರದಲ್ಲಿ ನಮ್ಮ ಊರಿಗೆ ಒಂದು ವಿಶೇಷ ತೊಂದರೆ ಇದೆ. ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಹೊರಡುವ ಹುಡುಗರು ಬೇರೆ ರಾಜ್ಯದ ನಂಬರಿನ ಬೈಕ್ ಮಾರುತ್ತಾರೆ. ಕಾಸರಗೋಡಿನ ಕೆಎಲ್ 14 ಮಂಗಳೂರಿನಲ್ಲಿ ದಿನಾ ಕಾಣುತ್ತದೆ. ಇವಕ್ಕೆ ಆ ಕಡೆಯ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪ ಇಲ್ಲ ಅನ್ನುವ ಪತ್ರ ಬೇಕು, ಇಲ್ಲಿ ಮತ್ತೆ ರೋಡ್ ಟ್ಯಾಕ್ಸ್ ಕಟ್ಟಬೇಕು. ಅದನ್ನು ಸೇರಿಸಿಯೇ ರೇಟ್ ಮಾತಾಡಿ. ಸಾಲ ಇದ್ದರೆ ತೀರಿದ ಪತ್ರ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಬೈಕನ್ನು ನಿಮ್ಮ ಹೆಸರಿಗೆ ವರ್ಗಾಯಿಸುವ 29 ಮತ್ತು 30ನೇ ಫಾರ್ಮಿಗೆ ಅದೇ ದಿನ ಸಹಿ ಮಾಡಿಸಿಕೊಳ್ಳಿ. ಇನ್ಶೂರೆನ್ಸ್ ಅನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬರೆಸಲು ಅರ್ಜಿ ಕೊಡಿ. ಚಾಸಿಸ್ ನಂಬರನ್ನು ಆರ್‌ಸಿ ಜೊತೆ ಹೋಲಿಸಿ. ಕೆಸರು, ತುಕ್ಕು ಕಟ್ಟಿ ಅಂಕಿ ಕಾಣದಿದ್ದರೆ ಉಜ್ಜಿ ನೋಡಿ, ಅಂದಾಜಿಗೆ ಓದಬೇಡಿ.

ಹೆಬ್ರಿಯ ಬೈಕ್ ಈಗ ನಮ್ಮ ಚಿಕ್ಕಮ್ಮನ ಮನೆ ಅಂಗಳದಲ್ಲಿದೆ. ಉಳಿದ ದುಡ್ಡಿನಲ್ಲಿ ಚೈನ್ ಸ್ಪ್ರಾಕೆಟ್, ಎರಡು ಟಯರ್, ಒಂದು ಒಳ್ಳೆಯ ಹೆಲ್ಮೆಟ್ ಬರುತ್ತದೆ ಅಂತ ತಮ್ಮ ಲೆಕ್ಕ ಹಾಕಿದ್ದಾನೆ. ಹೆಲ್ಮೆಟ್ ಮೊದಲು ತಗೊಳ್ಳಲು ಹೇಳಿದ್ದೇನೆ.

ಮಂಗಳೂರು, ಉಡುಪಿ ಕಡೆ ಯಾರಾದರೂ ಇಂಥ ಬೈಕ್ ನೋಡುವವರಿದ್ದು ಜೊತೆಗೆ ಒಬ್ಬರು ಬೇಕಿದ್ದರೆ ಹೇಳಿ. ಭಾನುವಾರ ಬೆಳಿಗ್ಗೆ ನನಗೆ ಪುರುಸೊತ್ತು ಇರುತ್ತದೆ. ಸ್ಪ್ಯಾನರ್, ಬಿಳಿ ಬಟ್ಟೆ ನಾನು ತರುತ್ತೇನೆ. ಇಂಜಿನ್ ತಣ್ಣಗೆ ಇರಿಸಲು ಮಾತ್ರ ನೀವು ಹೇಳಿಡಿ.