ಡ್ಯೂಟಿ ಪಟ್ಟಿ ಬರೆದವರು ಎಲ್ಲಿ?

ಬೆಳಿಗ್ಗೆಯಿಂದ ಮೈ ಉರಿಯುತ್ತಿದೆ. ಟಿವಿ ಚರ್ಚೆಯಲ್ಲಿ ಒಬ್ಬರು ಟೈ ಕಟ್ಟಿಕೊಂಡು ಕೂತು, "ತಪ್ಪು ಇಂಜೆಕ್ಷನ್ ಕೊಟ್ಟ ನರ್ಸನ್ನು ಜೈಲಿಗೆ ಹಾಕಿ, ಉಳಿದವರಿಗೆ ಬುದ್ಧಿ ಬರುತ್ತದೆ" ಅಂದರು. ನಮಗೆ ನರ್ಸ್‌ಗಳಿಗೆ ಬುದ್ಧಿಯೇನೋ ಇದೆ ಸ್ವಾಮಿ. ಇಲ್ಲದಿರುವುದು ನಿದ್ದೆ.

2006ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಆದದ್ದು ನೋಡಿ. ಹಿಂದಿನ ದಿನ ಎರಡು ಶಿಫ್ಟ್ ಸೇರಿ 16 ಗಂಟೆ ದುಡಿದ ನರ್ಸ್. ಆಸ್ಪತ್ರೆಯಲ್ಲೇ ಒಂದಿಷ್ಟು ಮಲಗೆದ್ದು ಮತ್ತೆ ಡ್ಯೂಟಿಗೆ ನಿಂತರು. ಹೆರಿಗೆಗೆ ಬಂದ 16 ವರ್ಷದ ಹುಡುಗಿಗೆ ಪೆನ್ಸಿಲಿನ್ ಕೊಡಬೇಕಿತ್ತು. ಬೆನ್ನಿಗೆ ಕೊಡುವ ಅರಿವಳಿಕೆ ಮದ್ದು ರಕ್ತನಾಳಕ್ಕೆ ಹೋಯಿತು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಕ್ರಿಮಿನಲ್ ಕೇಸ್ ಬಿದ್ದದ್ದು ನರ್ಸ್ ಮೇಲೆ.

"ಮದ್ದು ಸರಿಯೇ ಅಂತ ನೋಡಲು ಬಾರ್‌ಕೋಡ್ ಸ್ಕ್ಯಾನ್ ಮಾಡಲಿಲ್ಲವಲ್ಲ" ಅಂತ ಈಗಲೇ ಯಾರೋ ಟೈಪ್ ಮಾಡುತ್ತಿರುತ್ತೀರಿ. ಹೌದು, ಮಾಡಲಿಲ್ಲ. ಅದು ತಪ್ಪೇ. ಸತ್ತವಳ ಮನೆಯವರ ಮುಂದೆ ನಿಂತು "ಸುಸ್ತಾಗಿತ್ತು" ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಅಷ್ಟು ದುಡಿದವಳನ್ನು ಮಾರನೇ ಬೆಳಿಗ್ಗೆ ಮತ್ತೆ ವಾರ್ಡಿಗೆ ಬಿಟ್ಟುಕೊಂಡವರು? "ಅವಳೇ ಒಪ್ಪಿದಳು ಅಲ್ವಾ" ಅನ್ನಬೇಡಿ. ಮುಂದಿನ ಶಿಫ್ಟಿನ ರಿಲೀವರ್ ಬಾರದೆ ವಾರ್ಡ್ ಬಿಟ್ಟು ಹೊರಟು ನೋಡಿ, ಅದಕ್ಕೂ ಕ್ರಮ ನಮ್ಮ ಮೇಲೆಯೇ.

ಗೊತ್ತಿಲ್ಲದೆ ಆಗುವುದಲ್ಲ ಇದು. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ತೆಗೆದ ಅಧ್ಯಯನ 2002ರಲ್ಲೇ ಬಂದಿದೆ. ನರ್ಸ್ ಒಬ್ಬರ ಕೈಗೆ ಒಬ್ಬ ರೋಗಿ ಜಾಸ್ತಿಯಾದರೆ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರಿಗೆ ಎಷ್ಟು ರೋಗಿಗಳು ಅಂತ ಕಾನೂನೇ ಇದೆ, ಐಸಿಯುನಲ್ಲಿ ಎರಡಕ್ಕಿಂತ ಹೆಚ್ಚಿಲ್ಲ. ವಿಮಾನದ ಪೈಲಟ್‌ಗೂ ಗಂಟೆಯ ಮಿತಿ ಇದೆ. ಇಷ್ಟೆಲ್ಲ ಗೊತ್ತಿದ್ದೂ ಸಂಬಳ ಉಳಿಸಲು ಅರ್ಧ ಜನರಲ್ಲಿ ವಾರ್ಡ್ ನಡೆಸುವುದಕ್ಕೆ ನಿರ್ಲಕ್ಷ್ಯ ಅನ್ನುವ ಹೆಸರಿಲ್ಲ. ಅದಕ್ಕೆ ಆಡಳಿತ ಅನ್ನುತ್ತಾರೆ! ನಾಳೆ ನನ್ನಿಂದ ತಪ್ಪಾದರೆ ಆ ಡ್ಯೂಟಿ ಪಟ್ಟಿಗೆ ಸಹಿ ಹಾಕಿದವರ ಹೆಸರೂ ಎಫ್‌ಐಆರ್‌ನಲ್ಲಿ ಬರಲಿ, ನನ್ನ ಹೆಸರಿಗಿಂತ ಮೇಲೆಯೇ ಬರಲಿ.

ಇದನ್ನು ಎಲ್ಲೂ ಬರೆದಿರಲಿಲ್ಲ. ಒಂದು ಡಬಲ್ ಡ್ಯೂಟಿಯ ಕೊನೆಯ ಗಂಟೆ. ಸೆಲೈನ್ ಅಂದುಕೊಂಡು ಪೊಟ್ಯಾಸಿಯಂ ಕ್ಲೋರೈಡನ್ನು ಸಿರಿಂಜಿಗೆ ಎಳೆದುಕೊಂಡಿದ್ದೆ. ನೇರ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲಿಸುವ ಮದ್ದು ಅದು. ಒಡೆದ ಆಂಪ್ಯೂಲ್, ಅಂದರೆ ಮದ್ದಿನ ಪುಟ್ಟ ಸೀಸೆ, ಟ್ರೇಯಲ್ಲಿ ಉರುಳಿ ಲೇಬಲ್ ಮೇಲಾಯಿತು, ಕಣ್ಣಿಗೆ ಬಿತ್ತು. ನನ್ನ ಜಾಣತನ ಏನೂ ಇರಲಿಲ್ಲ.

ನಡುಗುತ್ತಾ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದೆ. "ಯಾರ ಹತ್ರಾನೂ ಬಾಯಿ ಬಿಡಬೇಡ" ಅಂದರು. ಆಮೇಲೆ ಪಟ್ಟಿ ತಿರುಗಿಸಿ, "ನಾಳೆ ರಾತ್ರಿನೂ ನಿನ್ನೇ ಹಾಕಿದೀನಿ, ಜನ ಇಲ್ಲ ಕಣೇ" ಅಂದರು.

ಹೋದೆ.