ನಂಬರ್ ಪಟ್ಟಿ ಇದೆ, ಟವರ್ ಇರುತ್ತಾ?

ಪ್ರತಿ ವರ್ಷ ಮುಂಗಾರಿಗೆ ಮುಂಚೆ ಹಾಸನ, ಚಿಕ್ಕಮಗಳೂರಿನಲ್ಲಿ ಪೂರ್ವಸಿದ್ಧತಾ ಸಭೆ ನಡೆಯುತ್ತದೆ. ಜೆಸಿಬಿ ಎಲ್ಲಿದೆ, ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ, ಮರ ಕುಯ್ಯುವ ಯಂತ್ರ ಎಷ್ಟಿವೆ, ಎಲ್ಲ ಲೆಕ್ಕ ಹಾಕುತ್ತಾರೆ. ಕೊನೆಗೆ ನೋಡಲ್ ಅಧಿಕಾರಿಗಳ ಮೊಬೈಲ್ ನಂಬರಿನ ಪಟ್ಟಿ ಹೊರಡುತ್ತದೆ. ಒಳ್ಳೆ ಕೆಲಸವೇ. ಆದರೆ ಪುಷ್ಯ ಮಳೆ ಹಿಡಿದು, ಕರೆಂಟು ಹೋಗಿ ಎರಡು ಮೂರು ದಿನ ಆದಮೇಲೆ ಆ ನಂಬರಿಗೆ ಫೋನ್ ಹೋಗುತ್ತಾ? ಹೆತ್ತೂರು ಕಡೆಯವರನ್ನು, ಮೂಡಿಗೆರೆ ಕಡೆಯವರನ್ನು ಕೇಳಿ ನೋಡಿ. ಟವರಿನ ಬ್ಯಾಟರಿ ಇಳಿದು, ಡೀಸೆಲ್ ತರುವ ರಸ್ತೆಗೂ ಮರ ಬಿದ್ದರೆ ಕತೆ ಮುಗೀತು.

ನಾನು ಹವ್ಯಾಸಿ ರೇಡಿಯೊದವನು. ಹ್ಯಾಮ್ ಅಂತಾರಲ್ಲ, ಅದು. ಲೈಸೆನ್ಸ್ ತಗೊಂಡು, ಹವ್ಯಾಸಕ್ಕೆ ಅಂತ ಸ್ವಂತ ವೈರ್‌ಲೆಸ್ ಸೆಟ್ಟಿನಲ್ಲಿ ಮಾತಾಡುವವರು. ಮೊಬೈಲ್ ಟವರ್ ಇಲ್ಲದೆಯೂ ನಮ್ಮ ಸೆಟ್ಟು ನಡೆಯುತ್ತದೆ. ನಾನು ಕೇಳುವುದು ಇಷ್ಟೇ: ಆ ಸಭೆಯಲ್ಲಿ ಹ್ಯಾಮ್‌ಗಳಿಗೂ ಒಂದು ಕುರ್ಚಿ ಹಾಕಿ. ಗುಡ್ಡ ಜಾರಿದ ಮೇಲಲ್ಲ, ಮಳೆಗೆ ಮುಂಚೆ.

ಒಂದು ಕಚೇರಿಯಲ್ಲಿ ಇದನ್ನು ಹೇಳಿದಾಗ "ವಾಟ್ಸಾಪ್ ಗ್ರೂಪ್ ಇದೆಯಲ್ರೀ" ಅಂದರು. ಪಕ್ಕದವರು ಸ್ಯಾಟಲೈಟ್ ಫೋನ್ ನೆನಪಿಸಿದರು. ಅದು ಬೇಡ ಅಂತ ನಾನೂ ಅನ್ನುವುದಿಲ್ಲ. ಆದರೆ ಫೋನಿನಲ್ಲಿ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಮಾತ್ರ. ರೇಡಿಯೊದಲ್ಲಿ "ರಸ್ತೆ ಕಟ್ಟಿದೆ" ಅಂತ ಒಂದು ಸಲ ಹೇಳಿದರೆ ಆಸ್ಪತ್ರೆ, ಕಾಳಜಿ ಕೇಂದ್ರ, ಜಿಲ್ಲಾ ಕಂಟ್ರೋಲ್ ರೂಮ್, ಎಲ್ಲಿ ಹ್ಯಾಮ್ ಕೂತಿದ್ದಾರೋ ಅಲ್ಲೆಲ್ಲ ಒಟ್ಟಿಗೆ ಗೊತ್ತಾಗುತ್ತದೆ. ಅಲ್ಲೆಲ್ಲ ಯಾರು ಕೂರಬೇಕು ಅನ್ನುವುದೇ ಮುಂಚೆ ತೀರ್ಮಾನ ಆಗಬೇಕಾದದ್ದು.

2004ರ ಸುನಾಮಿ ಬಂದಾಗ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ನಲ್ಲಿ ಸ್ಟೇಷನ್ ಹಾಕಿಕೊಂಡಿತ್ತು. ಹವ್ಯಾಸಕ್ಕೆ ಅಂತ ಹೋದವರು ಅಂಡಮಾನಿನ ಸುದ್ದಿ ಮುಟ್ಟಿಸುವ ಕೆಲಸಕ್ಕೆ ನಿಂತರು. 2024ರ ಜುಲೈನಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದಾಗಲೂ ಹ್ಯಾಮ್‌ಗಳು ಕೆಲಸ ಮಾಡಿದರು. ಅದೇ ತಿಂಗಳು ನಮ್ಮಲ್ಲಿ ಶಿರಾಡಿ ಘಾಟಿ ಕುಸಿಯಿತು, ಯಡಕುಮರಿ ಹತ್ತಿರ ಹಳಿ ಕೆಳಗಿನ ಮಣ್ಣು ಜಾರಿ ಮಂಗಳೂರು ರೈಲು ನಿಂತಿತು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮೂಡಿಗೆರೆ ತಾಲ್ಲೂಕಿನ ಮಲೆಮನೆ ಏನಾಯಿತು ಅಂತ ಯಾರೂ ಮರೆತಿಲ್ಲ. ವಯನಾಡು ಬೇರೆ, ನಾವು ಬೇರೆ ಅಂದುಕೊಳ್ಳುವ ಧೈರ್ಯ ನನಗಂತೂ ಇಲ್ಲ.

ಹಾಗಂತ ಸೆಟ್ ಇದ್ದ ಮಾತ್ರಕ್ಕೆ ಆಗುವುದಿಲ್ಲ. ಕೈಯಲ್ಲಿ ಹಿಡಿಯುವ ಸೆಟ್ಟು 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ. ಬಯಲುಸೀಮೆಯಲ್ಲಿ ಸರಿ. ಮಲೆನಾಡಿನಲ್ಲಿ ಒಂದು ಗುಡ್ಡ ಅಡ್ಡ ಬಂದರೆ ಸದ್ದೇ ಇಲ್ಲ. ಎತ್ತರದಲ್ಲಿ ರಿಪೀಟರ್ ಬೇಕು. ಅದು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು ಇನ್ನೊಂದರಲ್ಲಿ ಆಚೆ ಕಣಿವೆಗೆ ದಾಟಿಸುತ್ತದೆ. ನಾವು ಕೈಯಿಂದ ದುಡ್ಡು ಹಾಕಿ ಸೆಟ್ ತರಬಹುದು. ಬೆಟ್ಟದ ತುದಿಯಲ್ಲಿ ಜಾಗ, ಅನುಮತಿ ತರಲಾಗುವುದಿಲ್ಲ. ಕಚೇರಿಯ ಬಾಗಿಲು ತಟ್ಟುತ್ತಿರುವುದು ಅದಕ್ಕೇ. ನಮಗೇನೂ ಸಂಬಳ ಬೇಡ. ಕೊಟ್ಟರೂ ತಗೊಳ್ಳುವ ಹಾಗಿಲ್ಲ, ಹವ್ಯಾಸಿ ರೇಡಿಯೊದ ನಿಯಮವೇ ಹಾಗಿದೆ.

ರಿಪೀಟರ್ ಬರುವ ತನಕ 40 ಮೀಟರ್ ಬ್ಯಾಂಡ್ ಇದೆ, ಅಂದರೆ ಅಲೆಯ ಉದ್ದ ಸುಮಾರು 40 ಮೀಟರ್ ಇರುವ ಶಾರ್ಟ್‌ವೇವ್. ತೋಟದ ಎರಡು ಸಿಲ್ವರ್ ಮರಗಳ ನಡುವೆ ಆ ಕಡೆ ಹತ್ತು ಮೀಟರ್, ಈ ಕಡೆ ಹತ್ತು ಮೀಟರ್ ತಂತಿ, ಮಧ್ಯದಿಂದ ಕೇಬಲ್, ಕೆಳಗೆ ಕಾರಿನ 12 ವೋಲ್ಟ್ ಬ್ಯಾಟರಿ. ತೀರಾ ಎತ್ತರಕ್ಕೆ ಕಟ್ಟುವುದೂ ಬೇಡ. ತಂತಿ ತಗ್ಗಿನಲ್ಲಿದ್ದರೆ ಅಲೆ ನೆಟ್ಟಗೆ ಮೇಲೆ ಹೋಗಿ, ಆಕಾಶದಿಂದ ತಿರುಗಿ ಸುತ್ತಲಿನ ಜಿಲ್ಲೆಗಳ ಮೇಲೇ ಬೀಳುತ್ತದೆ. ಗುಡ್ಡದ ತಕರಾರೇ ಇಲ್ಲ. ರಾತ್ರಿ ಇದು ಕೈಕೊಡುವುದು ಜಾಸ್ತಿ, ಆಗ 80 ಮೀಟರ್ ಬ್ಯಾಂಡಿಗೆ ಇಳಿಯಬೇಕು.

ನಮ್ಮ ಹ್ಯಾಮ್‌ಗಳಿಗೂ ಒಂದು ಮಾತು. ಬೇಜಾರು ಮಾಡಿಕೊಳ್ಳಬೇಡಿ. ಜಪಾನ್ ಸಿಕ್ಕಿತು, ಬ್ರೆಜಿಲ್ ಸಿಕ್ಕಿತು ಅಂತ, ಮಾತಾಡಿದ ಗುರುತಿಗೆ ಅವರು ಕಳಿಸುವ ಕಾರ್ಡ್ ಸೇರಿಸುವುದು ಖುಷಿಯ ವಿಷಯವೇ, ನನ್ನ ಗೋಡೆಯ ಮೇಲೂ ಇವೆ. ಆದರೆ ಒಂದು ಸಂದೇಶವನ್ನು ತಪ್ಪಿಲ್ಲದೆ ದಾಟಿಸಲು ಬರುತ್ತಾ? ಅಭ್ಯಾಸದಲ್ಲಿ "ಹೊಸಹಳ್ಳಿಗೆ ಆಂಬುಲೆನ್ಸ್ ಬೇಕು" ಅಂದರೆ ಸಾಲದು. ನಮ್ಮಲ್ಲಿ ಎಷ್ಟು ಹೊಸಹಳ್ಳಿಗಳಿವೆ ಮಾರಾಯ್ರೇ! ಹೋಬಳಿ ಹೇಳಬೇಕು. ರಕ್ತದ ಗುಂಪು ಹೇಳುವಾಗ ಬಿ ಅಂದದ್ದು ಗರಗರ ಸದ್ದಿನಲ್ಲಿ ಡಿ ಅಂತ ಕೇಳುತ್ತದೆ, ಅದಕ್ಕೆ ಬಿ ಅಕ್ಷರಕ್ಕೆ ರೇಡಿಯೊದಲ್ಲಿ ಬಳಸುವ ಪದ, ಬ್ರಾವೊ, ಅನ್ನಬೇಕು. ನಿಧಾನಕ್ಕೆ, ಆ ಕಡೆಯವರು ಬರೆದುಕೊಳ್ಳುವಷ್ಟು ಬಿಡುವು ಕೊಟ್ಟು. ಅವರು ಬರೆದದ್ದನ್ನು ತಿರುಗಿ ಓದಿ ಹೇಳಬೇಕು. ಎಲ್ಲರೂ ಒಟ್ಟಿಗೆ ಬಟನ್ ಒತ್ತಿದರೆ ಯಾರದೂ ಕೇಳುವುದಿಲ್ಲ, ಹಾಗಾಗಿ ನೆಟ್ ಕಂಟ್ರೋಲ್‌ನಲ್ಲಿ, ಅಂದರೆ ಮಾತಿನ ಸರದಿ ನೋಡಿಕೊಳ್ಳುವ ಜಾಗದಲ್ಲಿ, ಕೂತವರು ಕರೆಯುವ ತನಕ ಬಾಯಿ ಮುಚ್ಚಿಕೊಂಡಿರಬೇಕು. ಕಷ್ಟ ಇದೇ!

ಹೊಸಬರು ಬೇಕು. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು, ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಆರಂಭದ ದರ್ಜೆಯ ಲೈಸೆನ್ಸಾದ ರೆಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ ಕೋಡ್ ಬೇಡ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಸೆಟ್ ತರಿಸಿ, ಲೈಸೆನ್ಸ್ ಇಲ್ಲದೆ ಸುಮ್ನೆ ಒತ್ತಲು ಹೋಗಬೇಡಿ, ಅದು ಅಪರಾಧ. ಹೆತ್ತೂರು, ಹಾನುಬಾಳು, ಕಳಸ ಕಡೆ ಲೈಸೆನ್ಸ್ ಇದ್ದೂ ಸೆಟ್ಟು ಅಟ್ಟಕ್ಕೆ ಹಾಕಿದವರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ತಂತಿ ಕಟ್ಟಲು ನಾನೇ ಬರುತ್ತೇನೆ, ಏಣಿ ನಿಮ್ಮದು.